ಮೂವತ್ತು ನಿಮಿಷದ ನೀರು

ನಾನು ಗಣಿತ ಕಲಿಸುವ ಶಾಲೆ ಹೊಸಪೇಟೆಯಲ್ಲಿದೆ. ಹತ್ತನೇ ತರಗತಿಯ ಕೋಣೆಯ ಹಿಂದೆಯೇ ಒಂದು ಕಾಲುವೆ ಹಾದುಹೋಗುತ್ತದೆ. ಬೇಸಿಗೆಯಲ್ಲಿ ಅದನ್ನು ಬತ್ತಿಸಿ ಹೂಳು ತೆಗೆಯುತ್ತಾರೆ. ಮತ್ತೆ ನೀರು ಬಿಟ್ಟ ದಿನ ಕಿಟಕಿಯಿಂದ ಒಂದು ವಾಸನೆ ಬರುತ್ತದೆ. ಕಾದ ಮಣ್ಣು, ಕೊಳೆತ ಎಲೆ, ಸತ್ತ ಏಡಿ ಎಲ್ಲ ಸೇರಿದ ವಾಸನೆ. ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ. ಕಳೆದ ತಿಂಗಳು ಅದು ಬಂದಾಗ ನಾನು ಬೋರ್ಡಿನ ಮೇಲೆ ಅನುಪಾತದ ಲೆಕ್ಕ ಬರೆಯುತ್ತಿದ್ದೆ. ಮೂರು, ಎರಡು... ಎಂದವಳು ಸೀಮೆಸುಣ್ಣ ಹಿಡಿದು ಹಾಗೇ ನಿಂತುಬಿಟ್ಟೆ. ಮುಂದಿನ ಬೆಂಚಿನ ಹುಡುಗಿ, ಒಂದು ಮಿಸ್, ಎಂದು ನೆನಪಿಸಿದಳು. ಟೀಚರಿಗೆ ಲೆಕ್ಕ ಮರೆತಿದೆ ಎಂದುಕೊಂಡಿರಬೇಕು. ನನಗೆ ಲೆಕ್ಕ ಮರೆತಿರಲಿಲ್ಲ, ನೀರಗಂಟಿ ತಾತ ನೆನಪಾಗಿದ್ದ.

ನಮ್ಮೂರು ಎಮ್ಮಿಗನೂರು. ದೊಡ್ಡ ಕಾಲುವೆಯಿಂದ ತೂಬಿನ ಮೂಲಕ ಬರುವ ನೀರನ್ನು ಹೊಲಗಳಿಗೆ ಹಂಚುವವನೇ ನೀರಗಂಟಿ. ಊರ ಮಕ್ಕಳೆಲ್ಲ ತಾತ ಎಂದು ಕರೆಯುತ್ತಿದ್ದ ಅವನ ಕೈಯಲ್ಲಿ ಏಳು ತೂಬುಗಳಿದ್ದವು, ವಾರಕ್ಕೆ ಏಳು ದಿನ. ನಮ್ಮ ತೂಬಿನ ಸರದಿ ಭಾನುವಾರ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ. ಅದರ ಕೆಳಗೆ ಮೂರು ಪಾಲುದಾರರು. ತೂಬಿಗೆ ಅಂಟಿಕೊಂಡೇ ನಮ್ಮಪ್ಪನ ಆರು ಎಕರೆ ಕಬ್ಬು. ಅದರ ಪಕ್ಕಕ್ಕೆ ಕಂಪ್ಲಿಯ ಅಕ್ಕಿ ಗಿರಣಿಯವರ ನಾಲ್ಕು ಎಕರೆ. ಇವೆರಡನ್ನೂ ದಾಟಿ, ಸಣ್ಣ ಕಲ್ಲಿನ ಗರಸು ನೆಲದಲ್ಲಿ ಅಂಕುಡೊಂಕಾಗಿ ಹೋಗುವ ಸಣ್ಣ ಕಾಲುವೆಯ ತುದಿಗೆ ಕೊನೆ ಹೊಲದ ಅಕ್ಕನ ಎರಡು ಎಕರೆ. ಅವಳ ಗಂಡ ಯಶವಂತನಗರದಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ, ಊರಿಗೆ ಬರುವುದು ತಿಂಗಳಿಗೊಮ್ಮೆ. ಬೇಸಾಯವೆಲ್ಲ ಅವಳದೇ.

ತಾತನ ಬಳಿ ಒಂದು ಸಲಿಕೆ ಮತ್ತು ಒಂದು ವಾಚು ಇದ್ದವು. ಸಲಿಕೆ ಅವನದು, ವಾಚು ಪಾಲುದಾರರೆಲ್ಲ ಸೇರಿ ನೀರಗಂಟಿಗೆಂದು ಕೊಡಿಸಿದ್ದು. ಕೀಲಿ ಕೊಡುವ ಹಳೆಯ ವಾಚು. ಪಟ್ಟಿ ಹರಿದದ್ದರಿಂದ ಅದನ್ನು ಎಲೆಯಡಿಕೆಯ ಸಂಚಿಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ. ಸಮಯ ಕೇಳಿದರೆ ಸಂಚಿ ಬಿಚ್ಚಿ, ವಾಚಿನ ಮೇಲಿನ ತಂಬಾಕು ಊದಿ, ಆಮೇಲೆ ಹೇಳುತ್ತಿದ್ದ. ಜಲ್ದಿಯಲ್ಲಿದ್ದವರು ಅವನನ್ನು ಸಮಯ ಕೇಳುತ್ತಲೇ ಇರಲಿಲ್ಲ.

ಒಂಬತ್ತನೇ ತರಗತಿಯ ಅರ್ಧವಾರ್ಷಿಕದಲ್ಲಿ ನಾನು ಗಣಿತದಲ್ಲಿ ಬಿದ್ದೆ. ಕೂಡುವ ಕಳೆಯುವ ಲೆಕ್ಕ ಬರುತ್ತಿತ್ತು, ಸಮೀಕರಣವನ್ನೂ ಬಿಡಿಸುತ್ತಿದ್ದೆ. ಮಾತಿನ ಲೆಕ್ಕ ಬಂದರೆ ಮಾತ್ರ ಕೈಚೆಲ್ಲುತ್ತಿದ್ದೆ. ಇಬ್ಬರು ಸೇರಿ ಗೋಡೆ ಕಟ್ಟುತ್ತಾರೆ, ನಾಲ್ಕು ದಿನದ ಮೇಲೆ ಒಬ್ಬ ಬಿಟ್ಟುಹೋಗುತ್ತಾನೆ ಎಂದರೆ, ಅವನು ಯಾಕೆ ಬಿಟ್ಟುಹೋದ, ಜಗಳವಾಯಿತೇ, ಜ್ವರ ಬಂತೇ ಎಂದು ನನ್ನ ಯೋಚನೆ ಆ ಕಡೆ ಹೋಗುತ್ತಿತ್ತು. ಅಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಅಪ್ಪ ಅಂಕಪಟ್ಟಿಗೆ ಸಹಿ ಹಾಕುತ್ತಾ, ಗಣಿತ ಬರದಿದ್ದರೆ ಹತ್ತನೆಯದಕ್ಕೇ ಸಾಕು, ಕಂಪ್ಲಿಗೆ ಬಸ್ಸಿನಲ್ಲಿ ಓಡಾಡಿ ಕಾಲೇಜು ಓದುವುದೇನೂ ಬೇಡ ಎಂದ. ಬೈದು ಹೇಳಲಿಲ್ಲ, ತಣ್ಣಗೆ ಹೇಳಿದ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಆ ಭಾನುವಾರ ಅಪ್ಪನಿಗೆ ಬುತ್ತಿ ಒಯ್ದವಳು ತೂಬಿನ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಅಳುತ್ತಾ ಕೂತಿದ್ದೆ. ತಾತ ಸಲಿಕೆ ಊರಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಓದು ನೋಡೋಣ ಎಂದ. ಓದಿದೆ. ತಂದೆಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟು, ಹನ್ನೆರಡು ವರ್ಷದ ನಂತರ ಎರಡರಷ್ಟು, ಹಾಗಾದರೆ ಈಗಿನ ವಯಸ್ಸೆಷ್ಟು? ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಇದೇನು ಬಂದೀತು ಎಂದುಕೊಂಡೆ. ಅವನು ಬೇಲಿಯಿಂದ ಬಳ್ಳಾರಿ ಜಾಲಿಯ ಕಡ್ಡಿ ಮುರಿದು, ಮುಳ್ಳು ಸವರಿ, ನೆಲದ ಮೇಲೆ ತಂದೆಗೆ ಮೂರು ಕಡ್ಡಿ, ಮಗಳಿಗೆ ಒಂದು ಕಡ್ಡಿ ಇಟ್ಟ.

“ಕಡ್ಡಿ ಎಷ್ಟುದ್ದ ಅಂತ ಈಗ ಕೇಳಬ್ಯಾಡ. ಎಷ್ಟು ಪಾಲು ಅಂತ ಮೊದಲು ಕೇಳು,” ಎಂದ.

ಆಮೇಲೆ ಎರಡೂ ಕಡೆ ಹನ್ನೆರಡು ವರ್ಷಕ್ಕೆ ಒಂದೊಂದು ಕಲ್ಲು ಇಟ್ಟ. ಮಗಳ ಪಾಲನ್ನು ಇಮ್ಮಡಿ ಮಾಡಿದಾಗ ಅವಳ ಕಡೆ ಎರಡು ಕಡ್ಡಿ, ಎರಡು ಕಲ್ಲು. ತಂದೆಯ ಕಡೆ ಮೂರು ಕಡ್ಡಿ, ಒಂದು ಕಲ್ಲು. ಎರಡೂ ಸಮ. ಎರಡೂ ಕಡೆಯಿಂದ ಎರಡೆರಡು ಕಡ್ಡಿ, ಒಂದೊಂದು ಕಲ್ಲು ತೆಗೆದುಬಿಟ್ಟ. ಉಳಿದದ್ದು ಈ ಕಡೆ ಒಂದು ಕಡ್ಡಿ, ಆ ಕಡೆ ಒಂದು ಕಲ್ಲು. ಕಡ್ಡಿ ಎಂದರೆ ಹನ್ನೆರಡು. ಮಗಳಿಗೆ ಹನ್ನೆರಡು, ತಂದೆಗೆ ಮೂವತ್ತಾರು. ನನ್ನ ಮೇಷ್ಟ್ರು ಬೋರ್ಡಿನ ತುಂಬ x ಬರೆದರೂ ಆಗದ್ದು ಅಲ್ಲಿ ಆಯಿತು. ನಾನು ಪುಸ್ತಕ ಮುಚ್ಚಿ ಏಳಲು ಹೋದೆ. ಅವನು ಬಿಡಲಿಲ್ಲ.

“ಉತ್ತರ ಬಂತಂದ್ರ ಮುಗೀಲಿಲ್ಲವ್ವ. ಅದನ್ನ ಒಯ್ದು ಹೊಲಕ್ಕ ಬಿಟ್ಟು ನೋಡು, ನಿಂದ್ರತೈತೋ ಇಲ್ಲೋ.”

ಉತ್ತರವನ್ನು ತಿರುಗಿ ಲೆಕ್ಕದೊಳಗೆ ಹಾಕಿ ನೋಡು ಎನ್ನುವುದು ಅವನ ಮಾತಿನ ಅರ್ಥ. ಹನ್ನೆರಡು ವರ್ಷದ ಮೇಲೆ ಮಗಳಿಗೆ ಇಪ್ಪತ್ನಾಲ್ಕು, ತಂದೆಗೆ ನಲವತ್ತೆಂಟು. ಎರಡರಷ್ಟು ಹೌದು. ನಿಂತಿತು ತಾತ ಎಂದೆ. ನಿಂತಿತಲ್ಲ, ಈಗ ಬುತ್ತಿ ಕೊಟ್ಟು ಬಾ, ನಿಮ್ಮಪ್ಪ ಹಸಿದಿದ್ದಾನೆ ಎಂದ.

ಅಂದಿನಿಂದ ಎಲ್ಲ ಭಾನುವಾರಗಳೂ ಹಾಗೇ ಆದವು. ಹಂಪಿಗೆ ಹೊರಟ ಬಸ್ಸು, ತೊಟ್ಟಿ ತುಂಬಿಸುವ ನಲ್ಲಿ, ಗೋಡೆ ಕಟ್ಟುವವರು ಎಲ್ಲರೂ ಕಡ್ಡಿಯೂ ಕಲ್ಲೂ ಆಗಿ ಆ ಕಟ್ಟೆಯ ಮೇಲೆ ಮಲಗಿದರು. ಗೋಡೆಯ ಕೆಲಸ ಬಿಟ್ಟುಹೋದವನಿಗೆ ಏನಾಗಿತ್ತು ಎಂದು ಅವನನ್ನೇ ಕೇಳಿದ್ದೆ. ಹೆಂಡತಿಯ ಹೆರಿಗೆಗೆ ಹೋಗಿರಬೇಕು ಎಂದು ಗಂಭೀರವಾಗಿ ಹೇಳಿ, ಈಗ ಲೆಕ್ಕ ಮಾಡು ಎಂದ. ವಾರ್ಷಿಕ ಪರೀಕ್ಷೆಯಲ್ಲಿ ನನಗೆ ಗಣಿತದಲ್ಲಿ ನೂರಕ್ಕೆ ಎಂಬತ್ತೆರಡು ಬಂತು. ಅಪ್ಪ ಅಂಕಪಟ್ಟಿಯನ್ನು ಎರಡು ಸಲ ಓದಿದ. ಆದರೂ ಕಾಲೇಜಿನ ಮಾತೆತ್ತಲಿಲ್ಲ.

ಆ ಬೇಸಿಗೆ ಕಾಲುವೆಯಲ್ಲಿ ನೀರು ಕಡಿಮೆಯಾಗಿ ಎಲ್ಲರೂ ಗಡಿಯಾರ ನೋಡತೊಡಗಿದರು. ತಾತ ನಮ್ಮ ಆರು ಎಕರೆಗೆ ಆರು ಗಂಟೆಗೆ ಕಾಲು ಗಂಟೆ ಕಡಿಮೆ ಬಿಡುತ್ತಿದ್ದ. ಗಿರಣಿಯವರ ನಾಲ್ಕು ಎಕರೆಗೆ ನಾಲ್ಕು ಗಂಟೆಗೆ ಹತ್ತು ನಿಮಿಷ ಕಡಿಮೆ. ಕೊನೆ ಹೊಲದ ಅಕ್ಕನ ಎರಡು ಎಕರೆಗೆ ಎರಡು ಗಂಟೆ ಇಪ್ಪತ್ತೈದು ನಿಮಿಷ. ಹತ್ತು ವರ್ಷದಿಂದ ಹಾಗೇ ನಡೆದಿತ್ತು, ಯಾರೂ ಅಳೆದಿರಲಿಲ್ಲ. ಈಗ ಅಪ್ಪ ಅಳೆದ. ಅಕ್ಕ ದಿನಾ ತಾತನಿಗೆ ಮಜ್ಜಿಗೆ ಕೊಡುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಒಂದು ಚೊಂಬು ಮಜ್ಜಿಗೆಗೆ ಇಪ್ಪತ್ತೈದು ನಿಮಿಷದ ನೀರು ಎಂದು ಅಪ್ಪ ನಗೆಯಾಡಿದ. ನಗೆಯಾಡಿದ ಮಾತೇ ಒಂದು ವಾರದಲ್ಲಿ ಆರೋಪವಾಯಿತು.

ಅಮಾವಾಸ್ಯೆಯ ದಿನ ಹೊಲದ ಕೆಲಸವಿರಲಿಲ್ಲ. ಬೆಳಿಗ್ಗೆ ನಮ್ಮ ಪಡಸಾಲೆಯಲ್ಲಿ ಐದು ಜನ ಸೇರಿದರು. ಅಪ್ಪ, ಗಿರಣಿಯವರು, ಬೇರೆ ತೂಬುಗಳ ಇಬ್ಬರು ಹಿರಿಯರು, ಬಾಗಿಲ ಬಳಿ ಸೆರಗು ಹೊದ್ದು ನಿಂತ ಅಕ್ಕ. ತಾತ ಮೆಟ್ಟಿಲ ಮೇಲೆ ಕೂತಿದ್ದ. ಅಪ್ಪ ನನ್ನನ್ನು ಕರೆದು, ಹನ್ನೆರಡು ಗಂಟೆಯ ನೀರನ್ನು ಆರು, ನಾಲ್ಕು, ಎರಡು ಎಕರೆಗೆ ಹಂಚಿದರೆ ಯಾರಿಗೆಷ್ಟು ಎಂದು ಲೆಕ್ಕ ಮಾಡಿ ತೋರಿಸು ಎಂದ. ನನ್ನ ಎದೆ ಉಬ್ಬಿತ್ತು, ಸುಳ್ಳೇಕೆ ಹೇಳಲಿ. ಅಪ್ಪ ನನ್ನನ್ನು ಹಿರಿಯರ ಮುಂದೆ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಎಕರೆಗೆ x ನಿಮಿಷ ಎಂದು ಬರೆದೆ. ಆರು x, ನಾಲ್ಕು x, ಎರಡು x, ಕೂಡಿದರೆ ಹನ್ನೆರಡು x. ಹನ್ನೆರಡು ಗಂಟೆ ಎಂದರೆ ಏಳುನೂರ ಇಪ್ಪತ್ತು ನಿಮಿಷ. x ಅರವತ್ತು. ನಮಗೆ ಆರು ಗಂಟೆ, ಗಿರಣಿಯವರಿಗೆ ನಾಲ್ಕು, ಅಕ್ಕನಿಗೆ ಎರಡು. ಗಟ್ಟಿಯಾಗಿ ಓದಿದೆ. ಪುಸ್ತಕದ ಹಿಂದಿನ ಪುಟದ ಉತ್ತರದ ಹಾಗೆ ಚೊಕ್ಕವಾಗಿ ಬಂದಿತ್ತು. ಅಪ್ಪ ನನ್ನ ನೋಟುಪುಸ್ತಕ ಇಸಕೊಂಡು ಎಲ್ಲರಿಗೂ ತೋರಿಸಿ, ಕೊನೆಗೆ ತಾತನ ಮುಂದೆ ಹಿಡಿದ.

“ನೀನ ಕಲಿಸಿದ ಲೆಕ್ಕ. ತಪ್ಪಿದ್ರ ಹೇಳು.”

ತಾತ ಪುಸ್ತಕವನ್ನು ದೂರ ಹಿಡಿದು ಬಹಳ ಹೊತ್ತು ನೋಡಿದ. ಬಾಗಿಲ ಬಳಿಯಿಂದ ಅಕ್ಕ, ನೀರು ಬರಾದು... ಎಂದು ಏನೋ ಹೇಳಲು ಬಾಯಿ ತೆರೆದಳು. ತಾತ ತಿರುಗಿಯೂ ನೋಡದೆ ಕೈಯೆತ್ತಿ ಅವಳನ್ನು ತಡೆದ. ಆಮೇಲೆ ನನ್ನ ಕಡೆ ನೋಡಿದ. ಆ ನೋಟ ಇವತ್ತಿಗೂ ನನಗೆ...

“ಲೆಕ್ಕ ಸರಿ ಐತ್ರಿ. ಹುಡುಗಿ ಕೂಡಿಸಿದ್ದರಾಗ ತಪ್ಪಿಲ್ಲ,” ಎಂದ. “ನನಗ ವಯಸ್ಸಾತು. ಬ್ಯಾರೆ ಯಾರನ್ನರ ಹಚ್ಚಿಕೊಳ್ರಿ.”

ಸಂಚಿ ಬಿಚ್ಚಿ, ವಾಚಿನ ಮೇಲಿನ ತಂಬಾಕು ಊದಿ, ಮೆಟ್ಟಿಲ ಮೇಲಿಟ್ಟು ಎದ್ದುಹೋದ. ಸಲಿಕೆ ಹೆಗಲಿಗೇರಿಸಿದ್ದು ನೆನಪಿದೆ. ಒಬ್ಬ ಹಿರಿಯರು, ಚಲೋ ಓದಿಸೀರಿ ಮಗಳನ್ನ ಎಂದು ಅಪ್ಪನಿಗೆ ಹೇಳಿದರು. ಅಪ್ಪ, ಇನ್ನೂ ಓದಿಸಬೇಕು, ಕಂಪ್ಲಿ ಕಾಲೇಜಿಗೆ ಹಾಕ್ತೀನಿ ಎಂದ. ನಾನು ಅದೇ ಖುಷಿಯಲ್ಲಿ ಒಳಗೆ ಓಡಿಹೋಗಿ ಅವ್ವನಿಗೆ ಹೇಳಿದೆ. ತಾತ ಏಳು ತೂಬುಗಳನ್ನೂ ಕಳೆದುಕೊಂಡು ಹೋದದ್ದು ಆ ಹೊತ್ತಿಗೆ ನನ್ನ ತಲೆಗೆ ಹತ್ತಲೇ ಇಲ್ಲ.

ನನ್ನ ಚಿಕ್ಕಪ್ಪನೇ ಹೊಸ ನೀರಗಂಟಿಯಾದ. ನನ್ನ ನೋಟುಪುಸ್ತಕದ ಪ್ರಕಾರ ಆರು, ನಾಲ್ಕು, ಎರಡು ಗಂಟೆ ನೀರು ಹರಿಯತೊಡಗಿತು. ಮೂರನೇ ಭಾನುವಾರ ಅಪ್ಪನ ಬುತ್ತಿ ಪಾತ್ರೆ ತರಲು ಹೋದಾಗ ಅಕ್ಕನ ಹೊಲ ಕಣ್ಣಿಗೆ ಬಿತ್ತು. ಅವಳ ಮೆಕ್ಕೆಜೋಳದ ಎಲೆಗಳು ಒಳಕ್ಕೆ ಸುರುಳಿ ಸುತ್ತಿಕೊಂಡಿದ್ದವು. ಬೆಳೆಗೆ ನೀರಡಿಕೆಯಾದರೆ ಹಾಗಾಗುತ್ತದೆ. ನಮ್ಮ ಕಬ್ಬು ಹಸಿರಾಗಿ ನಿಂತಿತ್ತು. ಅವಳ ಪಾಲು ಎರಡು ಗಂಟೆ ಪೂರ್ತಿ ಸಿಗುತ್ತಿದೆಯಲ್ಲ, ಮತ್ತೆ ಯಾಕೆ ಹೀಗೆ? ಆಗ ತಾತನ ಮಾತು ನೆನಪಾಯಿತು. ಆ ದಿನ ಉತ್ತರವನ್ನು ನಾನು ಹೊಲಕ್ಕೆ ಬಿಟ್ಟು ನೋಡಿರಲಿಲ್ಲ.

ಶಾಲೆಯ ಲೆಕ್ಕಕ್ಕೆ ಬೇಕು ಎಂದು ಚಿಕ್ಕಪ್ಪನಿಂದ ವಾಚು ಇಸಕೊಂಡೆ. ಅದರಲ್ಲಿ ಇನ್ನೂ ತಂಬಾಕಿನ ವಾಸನೆಯಿತ್ತು. ಸರಿಯಾಗಿ ನಾಲ್ಕಕ್ಕೆ ಚಿಕ್ಕಪ್ಪ ಗಿರಣಿಯವರ ಬದುವಿನ ಬಾಯಿ ಮುಚ್ಚಿ ನೀರನ್ನು ಕೊನೆ ಹೊಲದ ಕಡೆ ತಿರುಗಿಸಿದ. ನಾನು ನೀರಿನ ಜೊತೆ ನಡೆದೆ. ವಾರವಿಡೀ ಒಣಗಿದ ಕಾಲುವೆ. ನೀರು ತರಗೆಲೆಗಳನ್ನು ದೂಡಿಕೊಂಡು ನಾಲ್ಕು ಮಾರು ಹೋಗಿ ನಿಲ್ಲುತ್ತಿತ್ತು. ಏಡಿಯ ಬಿಲ ತುಂಬಬೇಕು, ಗುಂಡಿ ತುಂಬಬೇಕು, ಗರಸು ನೆಲ ತನ್ನ ಪಾಲು ಕುಡಿಯಬೇಕು, ಆಮೇಲೆ ಮುಂದಕ್ಕೆ. ನಾನು ನಿಂತು ನಿಂತು ಕಾಯಬೇಕಾಯಿತು. ಈ ಇಂಗಿದ ನೀರು ಯಾರ ಹೊಲಕ್ಕೂ ಹೋಗುವುದಿಲ್ಲ. ನೀರು ಅಕ್ಕನ ಹೊಲದ ಬಾಯಿ ಮುಟ್ಟಿದಾಗ ವಾಚಿನಲ್ಲಿ ನಾಲ್ಕೂವರೆ.

ಮೂವತ್ತು ನಿಮಿಷ. ಬದುವಿನ ಮೇಲೆ ಕೂತು ಜಾಲಿ ಕಡ್ಡಿ ಮುರಿದೆ. ಹನ್ನೆರಡು ಎಕರೆಗೆ ಹನ್ನೆರಡು ಕಡ್ಡಿ, ದಾರಿ ಕುಡಿಯುವ ಮೂವತ್ತು ನಿಮಿಷಕ್ಕೆ ಒಂದು ಕಲ್ಲು. ಏಳುನೂರ ಇಪ್ಪತ್ತರಲ್ಲಿ ಮೂವತ್ತು ಹೋದರೆ ಆರುನೂರ ತೊಂಬತ್ತು. ಕಡ್ಡಿಗೆ ಐವತ್ತೇಳೂವರೆ. ನಮಗೆ ಆರು ಕಡ್ಡಿ, ಐದು ಮುಕ್ಕಾಲು ಗಂಟೆ. ಗಿರಣಿಯವರಿಗೆ ನಾಲ್ಕು ಕಡ್ಡಿ, ಮೂರು ಗಂಟೆ ಐವತ್ತು ನಿಮಿಷ. ಅಕ್ಕನಿಗೆ ಎರಡು ಕಡ್ಡಿ ಮತ್ತು ಆ ಕಲ್ಲು, ಎರಡು ಗಂಟೆ ಇಪ್ಪತ್ತೈದು. ತಾತ ಹತ್ತು ವರ್ಷ ಬಿಟ್ಟ ನೀರು ನಿಮಿಷಕ್ಕೆ ನಿಮಿಷ ಅಲ್ಲಿ ನೆಲದ ಮೇಲಿತ್ತು. ಅವನು ಯಾರಿಗೂ ಹೆಚ್ಚು ಕೊಟ್ಟಿರಲಿಲ್ಲ. ಎಲ್ಲರ ಎಕರೆಯಿಂದಲೂ ಎರಡೂವರೆ ನಿಮಿಷ ಕೂಡಿಸಿ ಆ ದಾರಿಯ ಬಾಯಾರಿಕೆ ತೀರಿಸಿದ್ದ. ನಾನು ಅಲ್ಲೇ ಕೂತು ಅತ್ತೆ. ಈ ಸಲ ಪುಸ್ತಕಕ್ಕಾಗಿ ಅಲ್ಲ.

ಅಲ್ಲಿಂದ ನೇರ ಅವನ ಮನೆಗೆ ಹೋದೆ. ಅಂಗಳದಲ್ಲಿ ಹಗ್ಗ ಹೊಸೆಯುತ್ತಾ ಕೂತಿದ್ದ. ಕಡ್ಡಿಗಳನ್ನು ಅವನ ಮುಂದೆ ಇಟ್ಟು, ಕಲ್ಲು ಇಟ್ಟು, ಲೆಕ್ಕ ಹೇಳಿದೆ. ಪೂರ್ತಿ ಕೇಳಿ, ಐವತ್ತೇಳೂವರೆ ಎಂದಾಗ ತಲೆಯಾಡಿಸಿದ. ಯಾಕೆ ಅವತ್ತೇ ಹೇಳಲಿಲ್ಲ ತಾತ ಎಂದು ಕೇಳಿದೆ. ಸಿಟ್ಟಿನಿಂದಲೇ ಕೇಳಿದೆ, ತಪ್ಪು ಅವನದೇ ಎನ್ನುವ ಹಾಗೆ.

“ನಿಮ್ಮಪ್ಪ ನಿನ್ನ ಪುಸ್ತಕ ಕೈಯಾಗ ಹಿಡಿದಿದ್ದು ಅವತ್ತ ಮೊದಲು,” ಎಂದ. “ಐದು ಮಂದಿ ಮುಂದ ಅದರಾಗ ತಪ್ಪೈತಿ ಅಂದಿದ್ರ, ತಿರುಗಿ ಹಿಡೀತಿದ್ನೇನವ್ವ?”

ನಾನು ಕಡ್ಡಿಗಳನ್ನು ಒಟ್ಟುಮಾಡಿದೆ. ಅವನು ಮತ್ತೆ ಹಗ್ಗ ಹಿಡಿದ. ಹೊಸೆಯುತ್ತಲೇ, ಈ ದಾರಿಯ ಮಾತನ್ನು ನಿಮ್ಮಪ್ಪನಿಗೆ ಎಷ್ಟೋ ಸಲ ಹೇಳಿದ್ದೇನೆ, ನೀರಿನ ಜೊತೆ ಒಮ್ಮೆ ನಡೆದು ನೋಡ್ರಿ ಅಂದಿದ್ದೇನೆ, ಯಾರಿಗೂ ಪುರುಸೊತ್ತಾಗಲಿಲ್ಲ, ನಿನಗಾದರೂ ಆಯಿತಲ್ಲ ಎಂದ. ಅವನ ಮುಖದಲ್ಲಿ ಸಂತೋಷವೇ ಇತ್ತು. ಅದನ್ನು ನೋಡಿ ನನಗೆ ಇನ್ನಷ್ಟು ನಾಚಿಕೆಯಾಯಿತು.

ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿದ, ಎರಡನೇ ಸಲ ಹೇಳಿಸಿಕೊಂಡ. ಮುಂದಿನ ಭಾನುವಾರ ಕೊನೆ ಹೊಲಕ್ಕೆ ಒಂದಿಷ್ಟು ಹೆಚ್ಚು ಬಿಡು ಎಂದು ಚಿಕ್ಕಪ್ಪನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅಕ್ಕನ ಮೆಕ್ಕೆಜೋಳ ಅರ್ಧಕ್ಕರ್ಧ ಉಳಿಯಿತು. ವಾಚು ಮಾತ್ರ ತಾತನ ಕೈಗೆ ತಿರುಗಿ ಹೋಗಲಿಲ್ಲ. ಸೇರಿಸಿದ ಸಭೆಯನ್ನು ಮತ್ತೆ ಸೇರಿಸಿ, ನಾವು ಅಂದದ್ದು ಸುಳ್ಳು ಎಂದು ಹೇಳುವುದು ಅಪ್ಪನಿಂದ ಆಗಲಿಲ್ಲ. ನಾನಾದರೂ ಹೇಳಬಹುದಿತ್ತು. ಆ ಹಿರಿಯರ ಮುಂದೆ ತಪ್ಪು ಲೆಕ್ಕ ಓದಲು ಇದ್ದ ಗಂಟಲು ಸರಿ ಲೆಕ್ಕ ಓದಲು ನನಗಿರಲಿಲ್ಲ. ಅಪ್ಪ ಮನಸ್ಸು ಬದಲಿಸಿಬಿಟ್ಟರೆ ಎನ್ನುವ ಹೆದರಿಕೆ. ಮಜ್ಜಿಗೆಯ ಮಾತು ಊರಲ್ಲಿ ಹಾಗೇ ಉಳಿಯಿತು, ನಾನು ಕಾಲೇಜಿಗೆ ಹೋದೆ.

ತಾತ ಗಾದಿಗನೂರಿನ ಮಗಳ ಮನೆ ಸೇರಿದ. ಬಿಎಸ್ಸಿ ಓದುವಾಗ ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಒಮ್ಮೆ ಸಿಕ್ಕಿದ್ದ. ಬಗ್ಗಿದ್ದ, ಕಣ್ಣು ಮಂಜಾಗಿತ್ತು, ದನಿಯಿಂದ ಗುರುತು ಹಿಡಿದ. ಏನು ಓದುತ್ತಿ ಎಂದು ಕೇಳಿದ. ಗಣಿತ ಎಂದೆ. ಹೊಲಕ್ಕೆ ಬಿಟ್ಟು ನೋಡುತ್ತೀಯಲ್ಲ ಎಂದು ಕೇಳಿ ನಕ್ಕ. ಆಗಲೂ ನಾನು ಕ್ಷಮಿಸು ತಾತ ಎನ್ನಬೇಕೆಂದಿದ್ದೆ... ಬಸ್ಸು ಬಂತು. ಮರುವರ್ಷ ಅವನು ತೀರಿಕೊಂಡ ಸುದ್ದಿ ಅವ್ವನಿಂದ ತಿಳಿಯಿತು, ಅದೂ ಹದಿನೈದು ದಿನ ತಡವಾಗಿ.

ಶಾಲೆಯ ಕಿಟಕಿಯಿಂದ ಆ ವಾಸನೆ ಬಂದ ಮರುವಾರ, ಭಾನುವಾರ, ಎಮ್ಮಿಗನೂರಿಗೆ ಹೋದೆ. ಈಗ ನನ್ನ ತಮ್ಮ ಬೇಸಾಯ ಮಾಡುತ್ತಾನೆ. ಸಣ್ಣ ಕಾಲುವೆಗೆ ಈಚೆಗೆ ಸಿಮೆಂಟು ಹಾಕಿದ್ದಾರೆ. ಮಧ್ಯಾಹ್ನದ ಮೇಲೆ ನೀರು ಕೊನೆ ಹೊಲದ ಕಡೆ ತಿರುಗಿದಾಗ ಮೊಬೈಲಿನಲ್ಲಿ ಸಮಯ ಹಿಡಿದು ಅದರ ಜೊತೆ ನಡೆದೆ. ಕಾಯುವುದಿರಲಿಲ್ಲ, ಸೀರೆ ಎತ್ತಿ ಹಿಡಿದು ಜೋರಾಗಿ ಹೆಜ್ಜೆ ಹಾಕಬೇಕಾಯಿತು. ಹನ್ನೆರಡು ನಿಮಿಷಕ್ಕೆ ನೀರು ಕೊನೆ ಹೊಲ ಮುಟ್ಟಿತು. ಅಕ್ಕ ಅಲ್ಲೇ ಇದ್ದಳು, ತಲೆಯೆಲ್ಲ ಬೆಳ್ಳಗಾಗಿದೆ. ಏನೂ ಕೇಳದೆ ಒಂದು ಚೊಂಬು ಮಜ್ಜಿಗೆ ಕೈಗಿಟ್ಟಳು. ನಾನು ಅದನ್ನು ಹಿಡಿದುಕೊಂಡೇ ಬದುವಿನ ಮೇಲೆ ಕೂತೆ.

ಜಾಲಿ ಕಡ್ಡಿ ಹನ್ನೆರಡು, ಹನ್ನೆರಡು ನಿಮಿಷಕ್ಕೆ ಕಲ್ಲು ಒಂದು. ಏಳುನೂರ ಇಪ್ಪತ್ತರಲ್ಲಿ ಹನ್ನೆರಡು ಹೋದರೆ ಏಳುನೂರ ಎಂಟು. ಕಡ್ಡಿಗೆ ಐವತ್ತೊಂಬತ್ತು. ಅವತ್ತು ಪಡಸಾಲೆಯಲ್ಲಿ ನಾನು ಓದಿದ ಅರವತ್ತಕ್ಕೆ ಒಂದೇ ನಿಮಿಷ ಕಡಿಮೆ. ಸಿಮೆಂಟು ಬಂದು ನನ್ನ ತಪ್ಪು ಉತ್ತರ ಹೆಚ್ಚುಕಡಿಮೆ ಸರಿಯಾಗಿಬಿಟ್ಟಿದೆ. ತಾತನ ಮೂವತ್ತು ನಿಮಿಷಕ್ಕೆ ಸಾಕ್ಷಿ ಹೇಳಲು ಆ ಗರಸು ನೆಲವೂ ಈಗ ಉಳಿದಿಲ್ಲ, ಉಳಿದವರು ನಾನೂ ಅಕ್ಕನೂ ಇಬ್ಬರೇ.

“ಸರಿ ಬಂತೇನವ್ವ ಲೆಕ್ಕ?” ಎಂದು ಅಕ್ಕ ಕೇಳಿದಳು.

ಬಂತಕ್ಕ ಎಂದೆ. ಕಡ್ಡಿಗಳನ್ನು ಅಲ್ಲೇ ಬಿಟ್ಟು ಇನ್ನಷ್ಟು ಹೊತ್ತು ಕೂತೆ. ಅವನ್ನು ನೋಡಿ, ಹೌದು ಎಂದು ತಲೆಯಾಡಿಸಬೇಕಾದ ತಾತ ಇರಲಿಲ್ಲ.